ತಾಯಿ ಎಲ್ಲಿ? ಶಿವಮೊಗ್ಗದ ಒಂದು ಮನೆಗೆ ನಾಯಿ ಬಂದ ಪ್ರಕರಣ

2025ರ ಸೆಪ್ಟೆಂಬರ್ ಮೊದಲ ವಾರದಲ್ಲಿ ನಮ್ಮ ಬಡಾವಣೆಯ ದಂಪತಿಯೊಬ್ಬರು ನನ್ನ ಮನೆಗೆ ಬಂದು, ನಾಯಿಮರಿಯನ್ನು ಕೊಳ್ಳುವುದೋ ದತ್ತು ಪಡೆಯುವುದೋ ಎಂಬ ತಮ್ಮ ಮನೆಯ ತಕರಾರನ್ನು ನನ್ನ ಮುಂದಿಟ್ಟರು. ನಾನು ಪಶುಪಾಲನಾ ಇಲಾಖೆಯಲ್ಲಿ 31 ವರ್ಷ ವೈದ್ಯನಾಗಿದ್ದು ನಿವೃತ್ತನಾದವನು. ಆ ವರ್ಷಗಳ ಬಹುಪಾಲು ಹಸು, ಎಮ್ಮೆಗಳ ಹಿಂಗಾಲಿನ ಬಳಿಯೇ ಕಳೆದುಹೋಯಿತಾದರೂ, ನಾಯಿಯ ವಿಷಯಕ್ಕೆ ಸಲಹೆ ಕೇಳಿಕೊಂಡು ಬರುವವರು ನಿವೃತ್ತಿಯ ಅನಂತರವೇ ಹೆಚ್ಚಾಗಿದ್ದಾರೆ. ಅವರಲ್ಲಿ ಬಹುತೇಕರು ಮರಿಯನ್ನು ತಂದಾದ ಮೇಲೆ ಬರುತ್ತಾರೆ. ಈ ಕುಟುಂಬದವರು ತರುವ ಮೊದಲೇ ಬಂದರು ಎಂಬುದೇ ಈ ಪ್ರಕರಣವನ್ನು ಬರೆದಿಡಲು ಮುಖ್ಯ ಕಾರಣ. ಅವರ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು ಬರೆಯುತ್ತಿದ್ದೇನೆ.

ಮನೆಯಲ್ಲಿ ನಾಲ್ವರು. ಗಂಡ ಸಹಕಾರಿ ಬ್ಯಾಂಕೊಂದರ ಉದ್ಯೋಗಿ, ಹೆಂಡತಿ ಪದವಿಪೂರ್ವ ಕಾಲೇಜಿನಲ್ಲಿ ಉಪನ್ಯಾಸಕಿ, ಆರನೆಯ ತರಗತಿಯಲ್ಲಿ ಓದುವ 11 ವರ್ಷದ ಮಗಳು, ಮತ್ತು ಸಾಗರ ತಾಲ್ಲೂಕಿನ ಹಳ್ಳಿಯಿಂದ ಮಗನ ಮನೆಗೆ ಬಂದು ನೆಲೆಸಿರುವ 71 ವರ್ಷದ ಅಜ್ಜಿ. ಮೂವತ್ತು ನಲವತ್ತರ ನಿವೇಶನ, ಮುಂಭಾಗದಲ್ಲಿ ಕಾರು ನಿಂತರೆ ತುಂಬಿಹೋಗುವಷ್ಟು ಜಾಗ, ಹಿಂಭಾಗದಲ್ಲಿ ಬಟ್ಟೆ ಒಣಗಿಸುವ ಒಂದು ಓಣಿ. ತಕರಾರು ಏನೆಂದರೆ, ಮಗಳಿಗೆ ಲ್ಯಾಬ್ರಡಾರ್ ಬೇಕು. ತಂದೆಗೆ ಮುಧೋಳ ನಾಯಿ ಬೇಕು. ತಾಯಿಗೆ ಮಾತ್ರ ಹಣ ಕೊಟ್ಟು ಜೀವವನ್ನು ತರುವುದೇ ಸರಿ ಕಾಣುವುದಿಲ್ಲ. ಪಕ್ಕದ ರಸ್ತೆಯಲ್ಲಿ ಅರ್ಧಕ್ಕೆ ನಿಂತಿರುವ ಕಟ್ಟಡದ ಮರಳು ರಾಶಿಯ ಮೇಲೆ ಬೀದಿನಾಯಿಯೊಂದು ಹಾಕಿದ ಮೂರು ಮರಿಗಳಲ್ಲಿ ಒಂದನ್ನು ಸಾಕಬೇಕೆಂಬುದು ಅವರ ಹಟ. ಆ ದಿನಗಳಲ್ಲಿ ಬೀದಿನಾಯಿಗಳ ವಿಷಯ ಎಲ್ಲರ ಬಾಯಲ್ಲಿತ್ತು. ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ದೆಹಲಿ ಸುತ್ತಮುತ್ತಲಿನ ಬೀದಿನಾಯಿಗಳನ್ನು ಹಿಡಿದು ಆಶ್ರಯತಾಣಗಳಲ್ಲಿ ಇಡುವಂತೆ ಆದೇಶಿಸಿತ್ತು. 22ರಂದು ಅದನ್ನು ಮಾರ್ಪಡಿಸಿ, ಬೀದಿನಾಯಿಯನ್ನು ದತ್ತು ಪಡೆಯಬಯಸುವವರು ಸ್ಥಳೀಯ ಸಂಸ್ಥೆಗೆ ಅರ್ಜಿ ಹಾಕಬಹುದು, ಆದರೆ ಆ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ಅವರದೇ ಎಂದು ಹೇಳಿತ್ತು. ತಾಯಿಯವರು ಈ ಎರಡನೆಯ ಆದೇಶದ ಮೊದಲರ್ಧವನ್ನು ಚೆನ್ನಾಗಿ ನೆನಪಿಟ್ಟುಕೊಂಡಿದ್ದರು.

ಅಜ್ಜಿಗೆ ಯಾವ ನಾಯಿಯೂ ಬೇಡವಾಗಿತ್ತು. ಅದನ್ನು ಗಂಡ ಹೆಂಡತಿ ಇಬ್ಬರೂ ಮಾತಿನ ಕೊನೆಯಲ್ಲಿ, ಹೊರಡಲು ಎದ್ದು ನಿಂತಾಗ ಹೇಳಿದರು.

ಗಡಿಯಾರದ ಲೆಕ್ಕ

ಕೊಳ್ಳುವುದೋ ದತ್ತೋ ಎಂಬುದಕ್ಕೆ ನಾನು ಅಂದು ಉತ್ತರ ಕೊಡಲಿಲ್ಲ. ಒಂದು ವಾರದ ಮಟ್ಟಿಗೆ ಮನೆಯಲ್ಲಿ ಯಾರು ಯಾವ ಹೊತ್ತಿನಲ್ಲಿ ಇರುತ್ತಾರೆ ಎಂಬುದನ್ನು ಬರೆದುಕೊಂಡು ಬರುವಂತೆ ಹೇಳಿದೆ. ಮುಂದಿನ ಭಾನುವಾರ ಮಗಳು ತನ್ನ ಗಣಿತದ ನೋಟ್‌ಬುಕ್ಕಿನ ಹಾಳೆಯಲ್ಲಿ ಸ್ಕೇಲು ಹಿಡಿದು ಗೆರೆ ಎಳೆದ ಪಟ್ಟಿಯೊಂದನ್ನು ತಂದಳು. ಪ್ರತಿಯೊಬ್ಬರಿಗೂ ಒಂದೊಂದು ಬಣ್ಣ. ಅಪ್ಪನ ನೀಲಿ, ಅಮ್ಮನ ಹಸಿರು ಮತ್ತು ಅವಳ ಸ್ವಂತ ಕೆಂಪು ಬೆಳಗ್ಗೆ 9.15ಕ್ಕೆ ನಿಂತು ಸಂಜೆ 4.40ರ ಅನಂತರ ಮತ್ತೆ ಶುರುವಾಗುತ್ತಿದ್ದವು. ನಡುವಿನ ಏಳೂಕಾಲು ಗಂಟೆಗೂ ಮೀರಿದ ಹೊತ್ತಿನಲ್ಲಿ ಇದ್ದದ್ದು ಒಂದೇ ಬಣ್ಣ, ಅಜ್ಜಿಯ ಹಳದಿ.

ಎರಡು ತಿಂಗಳ ಮರಿ ಎರಡು ಮೂರು ಗಂಟೆಗೊಮ್ಮೆ ಮೂತ್ರ ಮಾಡುತ್ತದೆ, ದಿನಕ್ಕೆ ಮೂರು ನಾಲ್ಕು ಬಾರಿ ಉಣ್ಣುತ್ತದೆ, ಹಲ್ಲು ಬಲಿಯುವ ತಿಂಗಳುಗಳಲ್ಲಿ ಕಂಡದ್ದನ್ನೆಲ್ಲ ಕಚ್ಚುತ್ತದೆ, ಮತ್ತು ನಡೆಯುವವರ ಕಾಲಿಗೆ ಅಡ್ಡ ಬರುವುದನ್ನು ತನ್ನ ಮುಖ್ಯ ಕೆಲಸವೆಂದು ತಿಳಿದಿರುತ್ತದೆ. ಅಜ್ಜಿಗೆ ಎರಡೂ ಮಂಡಿಗಳಲ್ಲಿ ಸವೆತವಿದ್ದು, ಕೋಲು ಊರಿಕೊಂಡು ನಡೆಯುತ್ತಾರೆ. ಎಂದರೆ, ಮಗಳ ಹೆಸರಿನಲ್ಲಿ ಬರುವ ನಾಯಿ ಗಡಿಯಾರದ ಲೆಕ್ಕದಲ್ಲಿ ಅಜ್ಜಿಯ ನಾಯಿ. ಅವರನ್ನು ಮಾತ್ರ ಯಾರೂ ಸರಿಯಾಗಿ ಕೇಳಿರಲಿಲ್ಲ.

ನಾನೇ ಅವರ ಮನೆಗೆ ಹೋಗಿ ಅಜ್ಜಿಯೊಡನೆ ಒಂದು ಗಂಟೆ ಕುಳಿತೆ. ನಾಯಿದ್ವೇಷಿಯೊಬ್ಬರನ್ನು ಎದುರಿಸಬೇಕಾದೀತೆಂದು ಭಾವಿಸಿ ಹೋಗಿದ್ದ ನನಗೆ, ಜೀವನದ ಐವತ್ತು ವರ್ಷ ಮನೆಯ ಅಂಗಳದಲ್ಲಿ ನಾಯಿಗೆ ಅನ್ನ ಹಾಕಿದವರೊಬ್ಬರು ಸಿಕ್ಕರು. ಅವರ ಆಕ್ಷೇಪಗಳು ಮೂರು. ಮೊದಲನೆಯದು, ನಾಯಿ ಅಂಗಳದ್ದು, ಒಳಗಿನದಲ್ಲ. ಇಲ್ಲಿ ಅಂಗಳವೇ ಇಲ್ಲ. ಎರಡನೆಯದು ಉಣುಗಿನ ಭಯ. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಾಣಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಜೀವಗಳನ್ನು ತೆಗೆದುಕೊಂಡಿದ್ದನ್ನು ಅವರು ಹತ್ತಿರದಿಂದ ಕೇಳಿ ಬಲ್ಲವರು. ಕಾಡಿನ ಉಣುಗು ಬೇರೆ, ಪೇಟೆಯ ನಾಯಿಯ ಮೈಮೇಲೆ ಸಾಮಾನ್ಯವಾಗಿ ಕಾಣುವ ಕಂದು ಉಣುಗು ಬೇರೆ, ಎರಡನೆಯದು ಮಂಗನ ಕಾಯಿಲೆಯನ್ನು ತರುವ ಜಾತಿಯಲ್ಲ ಎಂದು ವಿವರಿಸಿದೆ. ಅವರು ತಲೆದೂಗಿದರೇ ಹೊರತು ಒಪ್ಪಿದಂತೆ ಕಾಣಲಿಲ್ಲ. ಮೂರನೆಯದನ್ನು ಹೇಳುವಾಗ ದನಿ ತಗ್ಗಿತು.

"ಡಾಕ್ಟ್ರೇ, ಮರಿ ಅಂದ್ರೆ ಹನ್ನೆರಡು ಹದಿಮೂರು ವರ್ಷ ಬದುಕ್ತದೆ. ನಾನು ಅಷ್ಟು ದಿನ ಇರ್ತೀನಾ? ನನ್ನ ಕೈಯಲ್ಲಿ ಉಂಡು ರೂಢಿಯಾದ ಮೇಲೆ ನಾನು ಹೋದ್ರೆ, ಇವರು ಮೂವರೂ ಬೀಗ ಹಾಕ್ಕೊಂಡು ಹೋಗೋರು. ಅದು ಯಾರ ಮುಖ ನೋಡ್ಬೇಕು?"

ಆ ಮನೆಯಲ್ಲಿ ನಾಯಿಯ ಇಡೀ ಆಯುಸ್ಸನ್ನು ಲೆಕ್ಕ ಹಾಕಿದ್ದವರು ಅವರೊಬ್ಬರೇ. ಸರಾಸರಿ ನಾಯಿಯೊಂದು ಹತ್ತರಿಂದ ಹದಿನಾಲ್ಕು ವರ್ಷ ಬದುಕುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೆ ಮಗಳು ಪಿಯುಸಿ ಮುಗಿಸಿ ಹಾಸ್ಟೆಲಿಗೆ ಹೋಗುವ ವರ್ಷ ಆ ಮರಿಗೆ ಏಳು ತುಂಬುತ್ತದೆ ಎಂಬ ಕೂಡುವ ಲೆಕ್ಕವನ್ನು ಯಾರೂ ಮಾಡಿರಲಿಲ್ಲ.

ಮುಧೋಳದ ಆಸೆ

ತಂದೆಯ ಆಯ್ಕೆಯ ಹಿಂದೆ ಅಭಿಮಾನವಿತ್ತು, ಮತ್ತು ಅದು ನನಗೂ ಇದೆ. ಬಾಗಲಕೋಟೆ ಜಿಲ್ಲೆಯ ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಈ ಬೇಟೆನಾಯಿಗಳನ್ನು ಪೋಷಿಸಿ, ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಉಡುಗೊರೆಯಾಗಿ ಕೊಟ್ಟದ್ದು ಆ ಭಾಗದ ಹೆಮ್ಮೆಯ ಕಥೆ. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಚಿತ್ರವಿರುವ ಅಂಚೆಚೀಟಿ ತಂದಿತು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ತಮ್ಮ ಬಾನುಲಿ ಮಾತಿನಲ್ಲಿ ಹೆಸರಿಸಿದ ಮೇಲೆ ಬೇಡಿಕೆ ಏರಿತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದ್ದು, ತಳಿ ಶುದ್ಧಿಯ ಕೆಲಸ ಅಲ್ಲಿ ನಡೆಯುತ್ತದೆ. ಕೊಳ್ಳುವುದೇ ಆದರೆ ಇಂಥ ಕಡೆಯಿಂದ ಕೊಳ್ಳುವುದು ಗೌರವದ ಕೆಲಸವೆಂದೇ ನನ್ನ ಅಭಿಪ್ರಾಯ.

ಆದರೆ ಅದು ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಏನಾದರೂ ಓಡಿದರೆ ಅದರ ಕಾಲು ತಾನಾಗಿ ಏಳುತ್ತದೆ. ಆ ಓಟಕ್ಕೆ ಬಯಲು ಬೇಕು. ಕಪ್ಪು ಮಣ್ಣಿನ ವಿಶಾಲ ಹೊಲದ ಜೀವವನ್ನು ವರ್ಷದ ನಾಲ್ಕು ತಿಂಗಳು ಮಳೆ ಹುಯ್ಯುವ ಊರಿನ ಓಣಿಯಲ್ಲಿ ಕಟ್ಟಿಹಾಕಿ, ಎದುರುಮನೆಯ ಬೆಕ್ಕನ್ನೂ ಹಿಂದುಗಡೆಯ ಕೋಳಿಗಳನ್ನೂ ದಿನವಿಡೀ ತೋರಿಸುತ್ತಿದ್ದರೆ ಅದು ನಮ್ಮ ಅಭಿಮಾನಕ್ಕಾಗಿ ಅದು ತೆರುವ ದಂಡ. ತಂದೆಯವರು ಇದನ್ನು ಬೇಗ ಒಪ್ಪಿದರು. ಕಾವಲಿಗಾದರೂ ರಾಟ್‌ವೀಲರ್ ಹೇಗೆ ಎಂದು ಒಮ್ಮೆ ಕೇಳಿ, ಹೆಂಡತಿಯ ಮುಖ ನೋಡಿ ಸುಮ್ಮನಾದರು.

ಲ್ಯಾಬ್ರಡಾರ್ ಮರಿಗಳನ್ನು ನೋಡಿದ ದಿನ

ಮಗಳ ಆಸೆಯನ್ನು ನೋಡದೆಯೇ ತಳ್ಳಿಹಾಕುವುದು ನ್ಯಾಯವಲ್ಲವೆಂದು, ಸೆಪ್ಟೆಂಬರ್ ಕೊನೆಯ ಭಾನುವಾರ ಅವರೊಡನೆ ನಾನೂ ಹೋದೆ. ಅಜ್ಜಿಯನ್ನು ಒಂಟಿಯಾಗಿ ಬಿಡುವುದು ಬೇಡವೆಂದು ಕಾರಿನಲ್ಲಿ ಅವರನ್ನೂ ಕೂರಿಸಿಕೊಂಡಿದ್ದರು. ಆ ದಿನದ ಫಲಿತಾಂಶಕ್ಕೆ ಅದೇ ಕಾರಣವಾಯಿತು.

ಊರಂಚಿನ ಒಂದು ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ಫಿನಾಯಿಲ್ ವಾಸನೆ. ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟಿನಲ್ಲಿ ಹಳೆಯ ದಿನಪತ್ರಿಕೆ ಹಾಸಿ ಆರು ಮರಿಗಳನ್ನು ಇಟ್ಟಿದ್ದರು. ಮಾರುವವನು ಒಂದನ್ನು ಎತ್ತಿ ಮಗಳ ಕೈಗಿಟ್ಟ. ಈ ವ್ಯಾಪಾರದಲ್ಲಿ ಇದಕ್ಕಿಂತ ದೊಡ್ಡ ಮಾತಿನ ಅಗತ್ಯ ಬೀಳುವುದಿಲ್ಲ. ಮಗು ಮರಿಯನ್ನು ಕುತ್ತಿಗೆಗೆ ಒತ್ತಿಕೊಂಡಿತು, ಮರಿ ಕಣ್ಣು ಮುಚ್ಚಿತು, ತಂದೆಯ ಕೈ ಅಂಗಿಯ ಜೇಬಿನತ್ತ ಹೋಯಿತು. ಪೇಪರ್ ಇಲ್ಲದ ಮರಿಗೆ 14,000, ಪೇಪರ್ ಇದ್ದರೆ 22,000 ರೂಪಾಯಿ. ಪೇಪರ್ ಎಂದರೆ ಕೆನೆಲ್ ಕ್ಲಬ್ಬಿನ ನೋಂದಣಿ ಪತ್ರ. ಅದು ಮರಿಯ ತಂದೆ ತಾಯಿ ಯಾರೆಂದು ಹೇಳುತ್ತದೆಯೇ ಹೊರತು ಮರಿ ಆರೋಗ್ಯವಾಗಿದೆ ಎಂದು ಹೇಳುವುದಿಲ್ಲ. ಮೇಲಾಗಿ, ಪತ್ರ ನಿಜಕ್ಕೂ ಇದ್ದರೆ ಆರೂ ಮರಿಗಳಿಗೆ ಇರಬೇಕು, ಒಂದೇ ಹೊಟ್ಟೆಯಲ್ಲಿ ಹುಟ್ಟಿದವುಗಳಿಗೆ ಎರಡು ದರ ಬರುವುದು ಹೇಗೆ?

ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ ಅಜ್ಜಿ ಆಗ ಕೇಳಿದರು: "ಇವುಗಳ ತಾಯಿ ಎಲ್ಲಿ?"

ಫಾರಂನಲ್ಲಿದೆ ಎಂದ. ಫಾರಂ ಎಲ್ಲಿದೆ ಎಂದರೆ ದೂರ ಎಂದ. ಮರಿ ಇಲ್ಲಿ, ತಾಯಿ ಅಲ್ಲಿ, ಹಾಗಾದರೆ ಹಾಲು ಹೇಗೆ ಎಂದರೆ ಸೆರೆಲ್ಯಾಕ್ ಕಲಸಿ ಹಾಕುತ್ತೇವೆ ಎಂದ. ಅಜ್ಜಿ ಮುಂದೆ ಕೇಳಲಿಲ್ಲ. "ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅಂತಾರೆ. ಇಲ್ಲಿ ನೂಲೇ ಕಾಣ್ತಿಲ್ಲ" ಎಂದು ಸೊಸೆಯ ಕಡೆ ತಿರುಗಿ ಹೇಳಿದರು.

ನಾನು ಮಗುವಿನ ಕೈಯಿಂದ ಮರಿಯನ್ನು ತೆಗೆದುಕೊಂಡು ನೋಡಿದೆ. ಹೊಟ್ಟೆ ತಮಟೆಯಂತೆ ಬಿಗಿದಿತ್ತು, ಅದರ ಮೇಲೆ ಪಕ್ಕೆಲುಬುಗಳು ಬೆರಳಿಗೆ ಒಂದೊಂದಾಗಿ ಸಿಗುತ್ತಿದ್ದವು, ಜಂತುಹುಳುವಿನ ಹೊಟ್ಟೆ. ತುಟಿ ಎತ್ತಿದರೆ ಒಸಡು ಇರಬೇಕಾದಷ್ಟು ಕೆಂಪಾಗಿರಲಿಲ್ಲ. ವಯಸ್ಸು 45 ದಿನ ಎಂದಿದ್ದರು, ಆದರೆ ಹಾಲುಹಲ್ಲುಗಳಲ್ಲಿ ಹಿಂದಿನವು ಇನ್ನೂ ಪೂರ್ತಿ ಮೇಲೆದ್ದಿರಲಿಲ್ಲ. ನನ್ನ ಅಂದಾಜಿನಲ್ಲಿ ಐದು ವಾರ. ಲಸಿಕೆಯ ಕಾರ್ಡು ಕೇಳಿದೆ. ಎರಡು ಸಾಲುಗಳಲ್ಲಿ ದಿನಾಂಕ ಮತ್ತು ಸಹಿ ಇದ್ದವು. ಲಸಿಕೆ ಹಾಕಿದ ವೈದ್ಯ ಆ ಸೀಸೆಯ ಮೇಲಿನ ಸಣ್ಣ ಚೀಟಿಯನ್ನು ಕಿತ್ತು ಕಾರ್ಡಿಗೆ ಅಂಟಿಸುವುದು ರೂಢಿ, ಏಕೆಂದರೆ ಅದರ ಮೇಲೆ ತಯಾರಿಕೆಯ ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕ ಇರುತ್ತವೆ. ಈ ಕಾರ್ಡಿನಲ್ಲಿ ಚೀಟಿಯೂ ಇರಲಿಲ್ಲ, ವೈದ್ಯರ ನೋಂದಣಿ ಸಂಖ್ಯೆಯೂ ಇರಲಿಲ್ಲ. ನಾಯಿಮರಿಗೆ ಮೊದಲ ಲಸಿಕೆ ಆರರಿಂದ ಎಂಟು ವಾರದ ನಡುವೆ ಬೀಳುತ್ತದೆ, ರೇಬೀಸ್ ಲಸಿಕೆ ಮೂರು ತಿಂಗಳ ಸುಮಾರಿಗೆ. ಐದು ವಾರದ ಮರಿಗೆ ಎರಡು ಲಸಿಕೆ ಆಗಿದೆ ಎಂಬ ಕಾರ್ಡು ತನ್ನ ಸುಳ್ಳನ್ನು ತಾನೇ ಹೇಳುತ್ತಿತ್ತು.

ಇದರಲ್ಲಿ ಕಾನೂನಿನ ಮಾತೂ ಇದೆ. ನಾಯಿಗಳ ಸಂವರ್ಧನೆ ಮತ್ತು ಮಾರಾಟದ ಬಗ್ಗೆ 2017ರಲ್ಲಿ ಬಂದ ಕೇಂದ್ರ ನಿಯಮಗಳ ಪ್ರಕಾರ ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು, ಮತ್ತು ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಎಂಟು ವಾರ ಎಂಬುದು ಕಚೇರಿಯವರು ಸುಮ್ಮನೆ ಬರೆದ ಅಂಕಿಯಲ್ಲ. ಮೂರನೆಯ ವಾರದಿಂದ ಮುಂದೆ ಮರಿ ತನ್ನ ಒಡಹುಟ್ಟಿದವರೊಡನೆ ಕಾದಾಡುತ್ತ, ಕಚ್ಚಿದರೆ ಎಷ್ಟು ನೋವಾಗುತ್ತದೆ ಎಂಬುದನ್ನು ಕಚ್ಚಿಸಿಕೊಂಡು ಕಲಿಯುತ್ತದೆ. ಮಿತಿಮೀರಿದರೆ ತಾಯಿ ಗದರುತ್ತಾಳೆ. ಐದನೆಯ ವಾರಕ್ಕೆ ಕ್ರೇಟು ಸೇರಿ, ಆರನೆಯ ವಾರಕ್ಕೆ ಮನೆಯೊಂದರ ಸೋಫಾದ ಮೇಲೆ ಒಂಟಿಯಾದ ಮರಿಗೆ ಆ ಶಾಲೆಯೇ ಇಲ್ಲ. ಆರು ತಿಂಗಳ ಮೇಲೆ "ನಮ್ಮ ನಾಯಿ ಮಕ್ಕಳಿಗೆ ಕಚ್ಚುತ್ತದೆ" ಎಂದು ಬರುವವರಲ್ಲಿ ನಾನು ಮೊದಲು ಕೇಳುವುದು, ಎಷ್ಟು ದಿನದ ಮರಿಯನ್ನು ತಂದಿರಿ ಎಂದು.

ಹಾಗೆಂದು ಮಾರುವವರೆಲ್ಲ ಹೀಗೆಯೇ ಎನ್ನಲಾರೆ. ಮಲಗುವ ಕೋಣೆಯಲ್ಲೇ ಬಾಣಂತಿ ನಾಯಿಗೆ ಹಾಸಿಗೆ ಮಾಡಿಕೊಟ್ಟು, ಎರಡು ತಿಂಗಳು ತುಂಬಿದ ಮೇಲೆಯೇ ಮರಿ ಕೊಡುವ, ಕೊಳ್ಳುವವರನ್ನೇ ಹತ್ತು ಪ್ರಶ್ನೆ ಕೇಳಿ ಇಷ್ಟವಾಗದಿದ್ದರೆ ಹಣ ಬೇಡವೆನ್ನುವ ಮನೆಗಳನ್ನೂ ಕಂಡಿದ್ದೇನೆ. ಅಂಥ ಕಡೆ ಕೊಳ್ಳುವುದರಲ್ಲಿ ನನಗೆ ಯಾವ ತಪ್ಪೂ ಕಾಣುವುದಿಲ್ಲ. ಅಂಥದೊಂದು ಮನೆಯ ಮರಿಗಾಗಿ ಕಾಯಬಹುದೆಂದು ಈ ಕುಟುಂಬಕ್ಕೂ ಹೇಳಿದೆ. ಅದನ್ನು ಬೇಡವೆನ್ನಿಸಿದ್ದು ಬೇರೊಂದು ಅಂಕಿ: ಬೆಳೆದ ಲ್ಯಾಬ್ರಡಾರ್ 25ರಿಂದ 36 ಕಿಲೋ ತೂಗುತ್ತದೆ, ಪ್ರೀತಿ ಉಕ್ಕಿದಾಗ ಎರಡು ಕಾಲಿನ ಮೇಲೆ ಎದ್ದು ಮೈಮೇಲೆ ಬೀಳುತ್ತದೆ. ಕೋಲು ಊರಿ ನಡೆಯುವ ಅಜ್ಜಿಯ ಮೇಲೆ ಅದು ಒಮ್ಮೆ ಬಿದ್ದರೂ ಸಾಕು. ತೊಡೆಯ ಮೂಳೆ ಮುರಿದ ಎಪ್ಪತ್ತು ದಾಟಿದವರ ಕಷ್ಟವನ್ನು ಆ ಮನೆಯವರಿಗೆ ನಾನು ವಿವರಿಸಬೇಕಾಗಿರಲಿಲ್ಲ.

ಮಗಳು ಹಿಂದಿರುಗುವ ದಾರಿಯುದ್ದಕ್ಕೂ ಮಾತಾಡಲಿಲ್ಲ. ಆ ಆರು ಮರಿಗಳನ್ನು ಅಲ್ಲಿಯೇ ಬಿಟ್ಟು ಬಂದೆವಲ್ಲ ಎಂಬ ಅವಳ ದುಃಖಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಕನಿಕರಪಟ್ಟು ಒಂದನ್ನು ಕೊಂಡರೆ ಆ ಜಾಗಕ್ಕೆ ಇನ್ನೊಂದು ಮರಿ ಬರುತ್ತದೆ, ಫಾರಂನಲ್ಲಿರುವ ಆ ಕಾಣದ ತಾಯಿ ಮತ್ತೆ ಗಬ್ಬವಾಗುತ್ತಾಳೆ ಎಂಬುದು ನಿಜವಾದರೂ, ಹನ್ನೊಂದು ವರ್ಷದ ಮಗುವಿಗೆ ಕಾರಿನಲ್ಲಿ ಹೇಳುವ ಮಾತಲ್ಲ.

ಮರಳು ರಾಶಿಯ ಮೂರು ಮರಿಗಳು

ಈಗ ತಾಯಿಯವರ ಸರದಿ. ಕೊಳ್ಳುವ ದಾರಿ ಮುಚ್ಚಿತಲ್ಲ, ಇನ್ನು ಬೀದಿಯ ಮರಿಯನ್ನು ತರೋಣ ಎಂದರು. ನಾನು ಹೋಗಿ ನೋಡಿದಾಗ ಆ ಮೂರೂ ಮರಿಗಳು ತಾಯಿಯ ಮೊಲೆಗೆ ಅಂಟಿಕೊಂಡಿದ್ದವು. ನಾಲ್ಕು ವಾರವೂ ಸರಿಯಾಗಿ ಆಗಿರಲಿಲ್ಲ. ಇಲ್ಲಿ ತಾಯಿ ಕಣ್ಣೆದುರೇ ಇದ್ದಳು. ಸಣ್ಣ ಮೈ, ಶಾಂತ ಸ್ವಭಾವ, ನಾವು ಹತ್ತಿರ ಹೋದಾಗ ಎದ್ದು ನಿಂತು ನಮ್ಮನ್ನೂ ಮರಿಗಳನ್ನೂ ಒಂದೊಂದು ಸಲ ನೋಡಿ ಮತ್ತೆ ಮಲಗಿದಳು. ಕಿವಿಯಲ್ಲಿ ಕಚ್ಚಿನ ಗುರುತಿರಲಿಲ್ಲ, ಎಂದರೆ ಸಂತಾನಹರಣದವರು ಅವಳನ್ನು ಇನ್ನೂ ಹಿಡಿದಿರಲಿಲ್ಲ.

ಹಣ ಕೊಟ್ಟು ಬೇಗ ಬಿಡಿಸಿದರೂ ಕರುಣೆಯಿಂದ ಬೇಗ ಬಿಡಿಸಿದರೂ ಮರಿಯ ಪಾಲಿಗೆ ಆಗುವುದು ಒಂದೇ ಎಂದು ನಾನು ಹೇಳಿದ್ದು ಅವರಿಗೆ ಹಿಡಿಸಲಿಲ್ಲ. "ಕೊಳ್ಳಬೇಡಿ, ದತ್ತು ಪಡೆಯಿರಿ" ಎಂಬ ಘೋಷಣೆಯಲ್ಲಿರುವ ಒಳ್ಳೆಯತನವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ದತ್ತು ಎಂಬುದನ್ನು ಪುಣ್ಯದ ಕೆಲಸವನ್ನಾಗಿ ಮಾಡಿ, ಕೊಳ್ಳುವಾಗ ಕೇಳುವ ಪ್ರಶ್ನೆಗಳನ್ನು ಇಲ್ಲಿ ಕೇಳುವುದೇ ಕಲ್ಲೆದೆ ಎಂಬ ಭಾವನೆಯನ್ನೂ ತಂದಿದೆ. ಲಸಿಕೆಯಾಗದ ಬೀದಿಮರಿಗೆ ಪಾರ್ವೊ ತಗುಲಿದರೆ ವಾಂತಿ, ರಕ್ತಭೇದಿಯಲ್ಲಿ ಎರಡು ಮೂರು ದಿನಗಳಲ್ಲೇ ಮುಗಿದುಹೋಗಬಹುದು. ಆ ವೈರಾಣು ಮನೆಯ ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿದು ಮುಂದಿನ ಮರಿಗಾಗಿ ಕಾಯುತ್ತದೆ. ಎಂಟು ವಾರ ತುಂಬುವವರೆಗೆ ತಾಯಿಗೆ ಊಟ ಹಾಕಿ, ಅಲ್ಲಿಯೇ ಮರಿಗಳಿಗೆ ಜಂತುಹುಳುವಿನ ಔಷಧ ಕೊಟ್ಟು, ಆರನೆಯ ವಾರಕ್ಕೆ ಲಸಿಕೆ ಹಾಕಿಸಿ, ಆಮೇಲೆ ಯೋಚಿಸಿ ಎಂದೆ. ಅವರು ಹಾಗೆಯೇ ಮಾಡಿದರು.

ಹನ್ನೆರಡನೆಯ ದಿನ ಬೆಳಗ್ಗೆ ಜಲ್ಲಿ ಇಳಿಸಲು ಬಂದ ಟಿಪ್ಪರ್ ಹಿಂದಕ್ಕೆ ಸರಿಯುವಾಗ ಒಂದು ಮರಿ ಚಕ್ರಕ್ಕೆ ಸಿಕ್ಕಿತು. ಅವರು ಫೋನು ಮಾಡಿ, "ಕಾಯಿರಿ ಅಂದಿರಲ್ಲ ಸರ್" ಎಂದಷ್ಟೇ ಹೇಳಿದರು. ನನ್ನ ಸಲಹೆ ವೈದ್ಯಕೀಯವಾಗಿ ಸರಿ ಎಂದು ಇಂದಿಗೂ ನಂಬುತ್ತೇನೆ, ಆದರೆ ಬೀದಿಯಲ್ಲಿ ಎಂಟು ವಾರ ಕಾಯುವುದರ ಬೆಲೆಯನ್ನು ಮರಿ ತೆರುತ್ತದೆ, ಸಲಹೆ ಕೊಟ್ಟವನಲ್ಲ. ಅಂದೇ ಉಳಿದ ಎರಡನ್ನೂ ತಾಯಿಯ ಸಮೇತ ನಮ್ಮ ಕಾರ್ ಷೆಡ್ಡಿಗೆ ತಂದು ಇರಿಸಿದೆವು. ಇದು ನನಗೆ ಮೊದಲ ದಿನವೇ ಹೊಳೆಯಬೇಕಾಗಿತ್ತು. ಮುಂದೆ ಮರಿಗಳೆರಡೂ ಎರಡೂವರೆ ತಿಂಗಳಿಗೆ, ದಿನವಿಡೀ ಜನರಿರುವ ತೋಟದ ಮನೆಗಳಿಗೆ ಹೋದವು; ತಾಯಿಗೆ ಹಾಲು ಬತ್ತಿದ ಮೇಲೆ ಸಂತಾನಹರಣ ಮತ್ತು ರೇಬೀಸ್ ಲಸಿಕೆ ಮಾಡಿಸಿ ಅವಳ ಬೀದಿಗೇ ಬಿಟ್ಟೆವು. ಬೀದಿನಾಯಿಗಳ ಸಂತಾನ ನಿಯಂತ್ರಣದ ಬಗ್ಗೆ ಬಂದ 2023ರ ಕೇಂದ್ರ ನಿಯಮಗಳು ಹೇಳುವುದೂ ಅದನ್ನೇ.

ಕೋಲು

ಇಷ್ಟು ಹೊತ್ತಿಗೆ, ಈ ಮನೆಗೆ ಮರಿಯೇ ಬೇಡ ಎಂಬುದು ನಾಲ್ವರಿಗೂ ತಿಳಿದಿತ್ತು. ಬೇಕಾದದ್ದು ಬೆಳೆದ, ಹದಿನೈದು ಕಿಲೋ ಒಳಗಿನ, ಸಂತಾನಹರಣವಾದ, ಮನೆಯೊಳಗಿನ ಬದುಕು ಗೊತ್ತಿರುವ ನಾಯಿ. ಬೆಳೆದ ನಾಯಿಯ ದೊಡ್ಡ ಲಾಭವೆಂದರೆ ಅದರ ಸ್ವಭಾವ ಊಹೆಯಲ್ಲ, ಕಣ್ಣಿಗೆ ಕಾಣುವ ಸಂಗತಿ. ತಾಯಿಯನ್ನು ನೋಡಲಾಗದಿದ್ದರೂ ನೂಲು ನೇಯ್ದು ಸೀರೆಯಾಗಿಯೇ ಎದುರಿಗಿರುತ್ತದೆ. ಊರ ಹೊರಗಿನ ಒಂದು ಆಶ್ರಯತಾಣಕ್ಕೆ ಅಕ್ಟೋಬರ್ ತಿಂಗಳಿನಲ್ಲಿ ಮೂರು ಸಲ ಹೋದೆವು. ಮೂರು ಸಲ ಎಂಬುದು ನನ್ನ ಷರತ್ತಾಗಿತ್ತು.

ಅಲ್ಲಿನವರು ತೋರಿಸಿದ್ದು ಸುಮಾರು ಮೂರು ವರ್ಷದ ಕೆಂಚು ಬಣ್ಣದ ಹೆಣ್ಣು ನಾಯಿ, 14.2 ಕಿಲೋ, ಕಿವಿಯಲ್ಲಿ ಕಚ್ಚು. ಒಮ್ಮೆ ದತ್ತು ಹೋಗಿ ಹನ್ನೊಂದು ತಿಂಗಳಿಗೆ ಮರಳಿ ಬಂದಿತ್ತು. ಏಕೆಂದು ಕೇಳಿದಾಗ ಮುಚ್ಚುಮರೆಯಿಲ್ಲದೆ ಹೇಳಿದರು: ಆ ಮನೆಯವರು ಬಾಡಿಗೆ ಫ್ಲ್ಯಾಟಿಗೆ ಹೋದರು, ಮಾಲೀಕರು ಒಪ್ಪಲಿಲ್ಲ. ಜೊತೆಗೆ ಇನ್ನೊಂದನ್ನೂ ಹೇಳಿದರು, ಕೋಲು ಕಂಡರೆ ಇವಳು ನೆಲಕ್ಕೆ ಅಂಟಿಬಿಡುತ್ತಾಳೆ ಎಂದು. ಅವರು ಹೇಳಿ ಮುಗಿಸುವಷ್ಟರಲ್ಲಿ ಅದು ನಮಗೇ ಕಾಣುತ್ತಿತ್ತು. ಅಜ್ಜಿ ಕೋಲೂರಿಕೊಂಡು ಗೇಟಿನೊಳಗೆ ಕಾಲಿಟ್ಟ ಕೂಡಲೇ ನಾಯಿ ಹೊಟ್ಟೆಯನ್ನು ನೆಲಕ್ಕೆ ಒತ್ತಿ, ಬಾಲವನ್ನು ಒಳಗೆ ಸೇರಿಸಿ, ನೀರಿನ ಡ್ರಮ್ಮಿನ ಹಿಂದೆ ಸರಿಯಿತು.

ಅಲ್ಲಿಗೆ ಮುಗಿಯಿತೆಂದು ನಾನು ಮನಸ್ಸಿನಲ್ಲೇ ಪಟ್ಟಿಯಿಂದ ಅದನ್ನು ತೆಗೆದುಹಾಕಿದೆ. ಅಜ್ಜಿ ಮಾತ್ರ ಕೋಲನ್ನು ಸೊಸೆಯ ಕೈಗೆ ಕೊಟ್ಟು, ಆಚೆ ಇಡು ಎಂದು ಹೇಳಿ, ಮೊಮ್ಮಗಳ ಭುಜ ಹಿಡಿದು ನಾಲ್ಕು ಹೆಜ್ಜೆ ನಡೆದು ಕಲ್ಲುಬೆಂಚಿನ ಮೇಲೆ ಕುಳಿತರು. ಕರೆಯಲಿಲ್ಲ, ಕೈ ಚಾಚಲಿಲ್ಲ. ಅಲ್ಲಿದ್ದವರೊಡನೆ ಅಡಿಕೆ ದರದ ಮಾತಾಡುತ್ತ ಕುಳಿತರು. ಇಪ್ಪತ್ತು ನಿಮಿಷವಾದ ಮೇಲೆ ನಾಯಿ ಡ್ರಮ್ಮಿನ ಹಿಂದಿನಿಂದ ಬಂದು ಅವರ ಸೀರೆಯ ನೆರಿಗೆಯನ್ನು ಮೂಸಿ ಹೋಯಿತು. ಎರಡನೆಯ ಭೇಟಿಯಲ್ಲಿ ಕೋಲು ಬೆಂಚಿನ ಪಕ್ಕ ನೆಲದ ಮೇಲೆ ಮಲಗಿತ್ತು. ಮೂರನೆಯ ಭೇಟಿಯಲ್ಲಿ ಕೋಲು ಅವರ ತೊಡೆಯ ಮೇಲಿತ್ತು, ನಾಯಿಯ ಗಲ್ಲ ಅವರ ಚಪ್ಪಲಿಯ ಮೇಲಿತ್ತು. ನಾಯಿಯ ನಡವಳಿಕೆಯನ್ನು ತಿದ್ದುವ ಬಗ್ಗೆ ನಾನು ಓದಿದ ಪಾಠಗಳಲ್ಲಿ ಹೇಳಿದ್ದೂ ಇದೇ ಕ್ರಮವನ್ನು, ಇಷ್ಟು ತಾಳ್ಮೆಯಿಂದ ಮಾಡಿದ್ದನ್ನು ಕಂಡದ್ದು ಕಡಿಮೆ.

ತೀರ್ಮಾನವಾದ ಮೇಲೂ ದೀಪಾವಳಿ ಕಳೆಯುವವರೆಗೆ ಕರೆತರಬೇಡಿ ಎಂದೆ. ಹೊಸ ಮನೆಯ ಮೊದಲ ರಾತ್ರಿಯೇ ಪಟಾಕಿ ಕೇಳಿದ ನಾಯಿ ಗೇಟು ಹಾರಿ ಓಡಿಹೋದ ಪ್ರಸಂಗಗಳು ಪ್ರತಿವರ್ಷ ಇರುತ್ತವೆ. ಬಲಿಪಾಡ್ಯಮಿ ಅಕ್ಟೋಬರ್ 22ಕ್ಕೆ ಮುಗಿಯಿತು. ನವೆಂಬರ್ 2ರ ಭಾನುವಾರ ನಾಯಿ ಮನೆಗೆ ಬಂತು. ಆಶ್ರಯತಾಣದಲ್ಲಿ ಇಟ್ಟಿದ್ದ ಇಂಗ್ಲಿಷ್ ಹೆಸರು ಅಜ್ಜಿಯ ನಾಲಿಗೆಗೆ ಹೊರಳಲಿಲ್ಲ. ಕೆಂಪಿ ಎಂದು ಕರೆದರು. ಅಡುಗೆಮನೆ ಮತ್ತು ದೇವರ ಕೋಣೆಯ ಹೊಸಿಲು ದಾಟುವಂತಿಲ್ಲ, ಉಣ್ಣುವಾಗ ಯಾರೂ ಮುಟ್ಟುವಂತಿಲ್ಲ, ಪರಚಿದರೂ ಕಚ್ಚಿದರೂ ಅಡಗಿಸದೆ ಹೇಳಿ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು ಎಂಬ ಮೂರು ನಿಯಮಗಳನ್ನು ಮಗಳು ಬರೆದು ಫ್ರಿಜ್ಜಿಗೆ ಅಂಟಿಸಿದಳು.

ಆಮೇಲಿನ ನೂರು ದಿನ

ಮೊದಲ ಹತ್ತು ದಿನ ಸುಲಭವಾಗಿರಲಿಲ್ಲ. ಹಗಲೆಲ್ಲ ಕಾರಿನ ಕೆಳಗೆ, ರಾತ್ರಿ ಸ್ನಾನದ ಮನೆಯ ಬಾಗಿಲಲ್ಲಿ. ಎರಡು ಸಲ ಹಾಲ್‌ನಲ್ಲಿ ಮೂತ್ರ ಮಾಡಿತು. ಪೊರಕೆ ಹಿಡಿದು ಬಂದ ಮನೆಗೆಲಸದಾಕೆಯನ್ನು ಕಂಡು ಕೂಗಿದ ಕೂಗಿಗೆ ಆಕೆ ಒಂದು ವಾರ ಕೆಲಸಕ್ಕೆ ಬರಲಿಲ್ಲ. ಮೂರನೆಯ ವಾರದಲ್ಲಿ ಎಲ್ಲ ಒಂದು ಹದಕ್ಕೆ ಬಂತು. ಬೆಳಗಿನ ತಿರುಗಾಟ ಮಗಳ ಪಾಲಿನದೆಂದು ನಿರ್ಧಾರವಾಗಿತ್ತು. ಡಿಸೆಂಬರಿನ ಚಳಿ ಬಿದ್ದಂತೆ ಅದು ತಂದೆಯ ಪಾಲಿಗೆ ಜಾರಿತು, ಇಂದಿಗೂ ಅಲ್ಲಿಯೇ ಇದೆ. ಹೀಗಾಗದ ಮನೆಯನ್ನು ನಾನಿನ್ನೂ ನೋಡಿಲ್ಲ.

ಜನವರಿ ಎರಡನೆಯ ವಾರ ಕೆಂಪಿ ಊಟ ಬಿಟ್ಟಳು. ಮೈ ಕಾದಿತ್ತು, ಒಸಡಿನ ಮೇಲೆ ಸೂಜಿಮೊನೆಯಂಥ ಕೆಂಪು ಚುಕ್ಕೆಗಳಿದ್ದವು. ವಿನೋಬನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಪ್ಲೇಟ್‌ಲೆಟ್ 62,000ಕ್ಕೆ ಇಳಿದಿತ್ತು. ಆರೋಗ್ಯವಂತ ನಾಯಿಯಲ್ಲಿ ಎರಡು ಲಕ್ಷದ ಮೇಲಿರಬೇಕು. ಉಣುಗಿನಿಂದ ಬರುವ ಎರ್ಲಿಕಿಯಾ ಜ್ವರ. ಡಾಕ್ಸಿಸೈಕ್ಲಿನ್ ಮಾತ್ರೆ 28 ದಿನ ನಡೆಯಿತು, ಪರೀಕ್ಷೆಗಳೂ ಸೇರಿ 4,600 ರೂಪಾಯಿ ಖರ್ಚಾಯಿತು. ಈ ರೋಗ ನಾಯಿಯ ಮೈಯಲ್ಲಿ ತಿಂಗಳುಗಟ್ಟಲೆ ಸದ್ದಿಲ್ಲದೆ ಅಡಗಿರಬಲ್ಲದು, ಬಹಳ ನಾಯಿಗಳು ಒಟ್ಟಿಗಿರುವ ಕಡೆಯಿಂದ ಬಂದ ನಾಯಿಗೆ ಮನೆಗೆ ತರುವ ಮುನ್ನವೇ ರಕ್ತ ಪರೀಕ್ಷೆ ಮಾಡಿಸಬೇಕು. ಲ್ಯಾಬ್ರಡಾರ್ ಮರಿಯ ಒಸಡನ್ನು ಅಷ್ಟು ಮುತುವರ್ಜಿಯಿಂದ ನೋಡಿದ ನಾನು ಇಲ್ಲಿ ಅದನ್ನು ಹೇಳಲಿಲ್ಲ. ಘೋಷಣೆಯ ಬಗ್ಗೆ ತಾಯಿಯವರಿಗೆ ಉಪದೇಶ ಮಾಡಿದವನು ಅದೇ ಹಳ್ಳಕ್ಕೆ ಬಿದ್ದಿದ್ದೆ.

ಇದು ಮಂಗನ ಕಾಯಿಲೆಯೇ ಎಂದು ಅಜ್ಜಿ ನನ್ನನ್ನು ಎರಡು ಸಲ ಕೇಳಿದರು. ಅಲ್ಲ ಎಂದು ಎರಡು ಸಲ ಹೇಳಿದೆ. ನಾಯಿಯನ್ನು ಹಿಂದಕ್ಕೆ ಕೊಡುವ ಮಾತು ಬರಬಹುದೆಂದು ಕಾದೆ, ಬರಲಿಲ್ಲ. ಅವರು ಮಧ್ಯಾಹ್ನದ ಮಾತ್ರೆಯನ್ನು ಬೇಯಿಸಿದ ಮೊಟ್ಟೆಯೊಳಗೆ ಅಡಗಿಸಿ ಕೊಡುವುದನ್ನು ಕಲಿತುಕೊಂಡಿದ್ದರು. ಆ ಮನೆಯಲ್ಲಿ ಅಲ್ಲಿಯವರೆಗೆ ಮೊಟ್ಟೆ ಬಂದಿರಲಿಲ್ಲ, ಅದಕ್ಕಾಗಿ ಹಿಂದಿನ ಓಣಿಯಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಬಂದವು.

ಅಜ್ಜಿಯ ಮೂರನೆಯ ಆಕ್ಷೇಪಕ್ಕೆ ಪೂರ್ತಿ ಪರಿಹಾರ ಸಿಕ್ಕಿಲ್ಲ. ಮೂರು ವರ್ಷದ ನಾಯಿಯನ್ನು ತಂದದ್ದರಿಂದ ಲೆಕ್ಕದಲ್ಲಿ ಮೂರು ವರ್ಷ ಕಡಿಮೆಯಾಗಿದೆ, ಅಷ್ಟೇ. ಅವರು ಊರಿಗೆ ಹೋಗುವ ದಿನಗಳಲ್ಲಿ ಕೆಂಪಿ ನಮ್ಮ ಮನೆಯಲ್ಲಿರುವುದೆಂದು ಒಪ್ಪಂದವಾಗಿದೆ. ಆದರೆ ನನಗೂ 66.

ಫೆಬ್ರವರಿ ಎರಡನೆಯ ವಾರ ಮರುಪರೀಕ್ಷೆಗೆ ಕರೆತಂದಾಗ ಪ್ಲೇಟ್‌ಲೆಟ್ ಏರಿತ್ತು, ಕಣ್ಣು ಹೊಳೆಯುತ್ತಿತ್ತು. ತೂಕದ ಯಂತ್ರ ಮಾತ್ರ 16.8 ಎಂದಿತು. ದಿನಕ್ಕೆ ಎರಡು ಹೊತ್ತು, ನಾನೇ ಬರೆದುಕೊಟ್ಟ ಅಳತೆಯಲ್ಲಿ ಊಟ ಹಾಕುತ್ತಿದ್ದೇವೆ ಎಂದು ಸೊಸೆ ಪ್ರಮಾಣ ಮಾಡಿದರು. ಮಧ್ಯಾಹ್ನ ಏನಾದರೂ ಕೊಡುತ್ತೀರಾ ಎಂದು ಅಜ್ಜಿಯನ್ನು ಕೇಳಿದೆ. "ನಾನ್ಯಾಕೆ ಕೊಡ್ಲಿ ಡಾಕ್ಟ್ರೇ" ಎಂದರು. ಮೊಸರನ್ನ ಎಂಬ ಪದವನ್ನು ನಾನು ಉಚ್ಚರಿಸಿದ ಕೂಡಲೇ ಮೇಜಿನ ಕೆಳಗಿದ್ದ ಕೆಂಪಿ ಎದ್ದು ನಿಂತು ಅವರ ಮುಖವನ್ನೇ ನೋಡತೊಡಗಿದಳು.